ಇಂಗ್ಲಿಷ್‌ನಲ್ಲಿ ಹೇಳಿ ಸಾರ್

ನಮ್ಮ ಕಡೆ ಕಾಯಿಲೆ ಬಿದ್ದವರಿಗೆ ಅವರ ಕಾಯಿಲೆಯ ಹೆಸರು ಹೇಳುವುದಿಲ್ಲ. ಊರಿಗೆಲ್ಲ ಗೊತ್ತಿರುತ್ತದೆ. ಅಂಗಡಿ ಜಗಲಿಯ ಮೇಲೆ ಕೂತವರು ಇನ್ನೆಷ್ಟು ದಿನವೋ ಪಾಪ ಎಂದು ಮಾತಾಡಿಕೊಂಡಿರುತ್ತಾರೆ. ಮಂಚದ ಮೇಲೆ ಮಲಗಿದವರಿಗೆ ಮಾತ್ರ ಗ್ಯಾಸ್ಟ್ರಿಕ್ಕು. ಲಿವರ್ ಹೋದರೂ ಗ್ಯಾಸ್ಟ್ರಿಕ್ಕು, ಎದೆಯಲ್ಲಿ ನೀರು ತುಂಬಿದರೂ ಗ್ಯಾಸ್ಟ್ರಿಕ್ಕು. ಈ ಸುಳ್ಳನ್ನು ಕಾಪಾಡಿಕೊಳ್ಳಲು ನಮ್ಮ ಜನ ಒಂದು ಉಪಾಯ ಕಂಡುಕೊಂಡಿದ್ದಾರೆ. ಡಾಕ್ಟರು ಮಂಚದ ಹತ್ತಿರ ಬಂದ ಕೂಡಲೇ ಮನೆಯ ಹಿರಿಯರು ಕೈಮುಗಿದು, ಇಂಗ್ಲಿಷ್‌ನಲ್ಲಿ ಹೇಳಿ ಸಾರ್ ಎನ್ನುತ್ತಾರೆ. ಡಾಕ್ಟರು ಹೇಳುತ್ತಾರೆ. ಮನೆಯಲ್ಲಿ ನಾಲ್ಕಕ್ಷರ ಕಲಿತವರು ಯಾರೋ ಅದನ್ನು ಕೇಳಿಸಿಕೊಂಡು, ವಾರ್ಡಿನ ಹೊರಗೆ ಬಂದು ಉಳಿದವರಿಗೆ ತಿಳಿಸಬೇಕು.

ಭೇರ್ಯದ ಹತ್ತಿರದ ನನ್ನ ತವರಿನಲ್ಲಿ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಪ್ಪ ಆಸ್ಪತ್ರೆ ಸೇರಿದಾಗ ನಾನು ಕೆ.ಆರ್. ನಗರದಲ್ಲಿ ಪಿಯುಸಿ ಓದುತ್ತಿದ್ದೆ. ಡಾಕ್ಟರು ನನ್ನ ಕಡೆ ತಿರುಗಿ ಮಾತಾಡುವಾಗ ಅಪ್ಪ ಅವರ ಬಾಯನ್ನೇ ನೋಡುತ್ತಿದ್ದರು, ಮುಗಿದ ಮೇಲೆ ನನ್ನ ಮುಖ ನೋಡುತ್ತಿದ್ದರು. ನಾನು ನಗಬೇಕಿತ್ತು, ನಕ್ಕೆ. ಅವತ್ತಿನಿಂದ ನನಗೆ ಈ ಪದ್ಧತಿಯನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಉರಿದು ಏನು ಮಾಡಿದೆ ಎಂದು ಕೇಳಿದರೆ, ಏನೂ ಮಾಡಲಿಲ್ಲ.

ಮದುವೆಯಾಗಿ ಸರಗೂರಿನಾಚೆಯ ಹಳ್ಳಿಗೆ ಬಂದೆ. ನಮ್ಮನೆಯವರಿಗೆ ಅಣ್ಣನೇ ಅಪ್ಪ. ಹುಡುಗನಾಗಿದ್ದಾಗಲೇ ಅಪ್ಪನನ್ನು ಕಳೆದುಕೊಂಡ ತಮ್ಮನನ್ನು ಸಾಕಿ, ಓದಿದಷ್ಟು ಓದಿಸಿ, ಹತ್ತಿ ಬೆಳೆಯುವ ಹೊಲದಲ್ಲಿ ಪಾಲು ಕೊಟ್ಟು, ಗೋಡೆ ಪಕ್ಕದಲ್ಲೇ ಮನೆ ಕಟ್ಟಿಸಿಕೊಟ್ಟವರು ನನ್ನ ಭಾವ. ಅವರೆದುರು ನಮ್ಮನೆಯವರು ಕುರ್ಚಿಯ ಮೇಲೆ ಕೂತದ್ದನ್ನು ನಾನು ಕಂಡಿಲ್ಲ. ನಮಗೆ ಮಕ್ಕಳಾಗಲಿಲ್ಲ. ಆ ಮಾತನ್ನು ಎತ್ತಿ ನನ್ನನ್ನು ಚುಚ್ಚಲು ಬಂದ ನೆಂಟರ ಬಾಯಿ ಮುಚ್ಚಿಸಿದ್ದೂ ಭಾವನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುತ್ತೇನೆ.

ನಮ್ಮನೆಯವರು ಕಾಕನಕೋಟೆ ಕಡೆಯ ಹಿನ್ನೀರಿನ ದಂಡೆಯಲ್ಲಿದ್ದ ಒಂದು ಲಾಡ್ಜಿಗೆ ತರಕಾರಿ ಟೆಂಪೋ ಓಡಿಸುತ್ತಿದ್ದರು. ಅಲ್ಲಿಗೆ ಬರುವ ಗೆಸ್ಟುಗಳನ್ನು ಮೈಸೂರಿನಿಂದ ಕರೆತರುವ ಕಾರು ಬೇರೆ ಇತ್ತು. ಆ ಕಾರು ಬೇಕೆಂದರೆ ಇಂಗ್ಲಿಷ್ ಬರಬೇಕು ಎಂದು ಮ್ಯಾನೇಜರು ಹೇಳಿದ್ದರಂತೆ. ಅವತ್ತು ಮನೆಗೆ ಬಂದು ಕೈಕಾಲು ತೊಳೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ನೀನು ಓದಿದ್ದೀಯಲ್ಲ ಅಮ್ಮಿ. ನಂಗೂ ವಸಿ ಯೋಳ್ಕೊಡು. ಅಣ್ಣಂಗೆ ಮಾತ್ರ ಗೊತ್ತಾಗ್ದಂಗೆ."

"ಗೊತ್ತಾದ್ರೆ ಏನಾಯ್ತದ್ರೀ?"

"ಎಡ್ತಿ ತಾವ ಪಾಠ ಏಳಿಸ್ಕೋತಾನೆ ಅಂತ ನಗ್ತಾನೆ. ಅದಲ್ಲದೆ ಅವನ ಮುಂದೆ ನಾನು ಇಂಗ್ಲಿಷ್ ಆಡ್ಕೊಂಡು ನಿಂತ್ಕೊಳಕಾಯ್ತದಾ?"

ಹೀಗೆ ನಮ್ಮ ಪಾಠ ಕೊಟ್ಟಿಗೆಯ ಹಿಂದೆ ಶುರುವಾಯಿತು. ಬೆಳಿಗ್ಗೆ ಅವರು ಟೆಂಪೋ ತೊಳೆಯುತ್ತಿದ್ದರು, ನಾನು ಹಾಲು ಕರೆಯುತ್ತಿದ್ದೆ, ತೊಟ್ಟಿಯ ಕಟ್ಟೆಯ ಮೇಲೆ ಇಟ್ಟ ಫೋನು ಪಾಠ ಹೇಳುತ್ತಿತ್ತು. ಒಂದು ಮಾತು ಕೇಳಿಸಿ ನಿಲ್ಲಿಸುತ್ತಿದ್ದೆ. ಅವರು ಅರ್ಥ ಹೇಳಬೇಕು. ಸರಿಯಿದ್ದರೆ ನಾನು "ಸರಿ, ಮುಂದಿಂದು" ಎನ್ನುತ್ತಿದ್ದೆ. ತಪ್ಪಿದ್ದರೆ ಬೈಗುಳ. ಬೈಯುವುದಕ್ಕೆ ನನಗೆ ಇಷ್ಟು ಒಳ್ಳೆಯ ಅವಕಾಶ ಮತ್ತೆ ಸಿಕ್ಕಿಲ್ಲ.

ಪಿಕಪ್ಪು, ಡ್ರಾಪು, ಬ್ರೇಕ್ ಡೌನು ಡ್ರೈವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉಳಿದವು ಅವರ ಪ್ರಾಣ ತಿಂದವು.

"ಲುಕ್ ಅಂದ್ರೆ ನೋಡಾದು. ಆಫ್ಟರ್ ಅಂದ್ರೆ ಆಮೇಕೆ. ಅಂಗಾರೆ ಲುಕ್ ಆಫ್ಟರ್ ಅಂದ್ರೆ ಆಮೇಕೆ ನೋಡ್ಕೊಳಾನ ಬುಡು ಅಂತ ತಾನೆ?"

"ಅಲ್ಲ ಕಣ್ರೀ. ಜ್ವಾಪಾನ ಮಾಡಾದು. ನಿಮ್ಮಣ್ಣ ನಿಮ್ಮನ್ನ ಸಾಕಿಲ್ವಾ, ಅದು."

"ಅದ್ನ ನೆಟ್ಟಗೆ ಏಳಕ್ಕೇನು ಇವ್ರಿಗೆ ದಾಡಿ?"

ಗಿವ್ ಅಪ್ ಎಂದರೆ ಕೈಬಿಡುವುದು, ಗೋ ಆನ್ ಎಂದರೆ ಮುಂದುವರಿಸುವುದು, ಹ್ಯಾಂಗ್ ಆನ್ ಎಂದರೆ ವಸಿ ತಾಳಿ. ಪಾಸ್ ಅವೇ ಎಂದು ಫೋನು ಹೇಳಿದ ದಿನ ನಾನು ಅದನ್ನು ಹಾರಿಸಿಬಿಟ್ಟೆ. ಬೆಳಿಗ್ಗೆ ಬೆಳಿಗ್ಗೆ ಸಾವಿನ ಮಾತು ಯಾಕೆ ಎಂದೆ. ಗೆಸ್ಟುಗಳ ಹತ್ತಿರ ಅದನ್ನು ಹೇಳುವ ಸಂದರ್ಭ ಎಲ್ಲಿ ಬರುತ್ತದೆ ಎಂದು ಅವರೂ ನಕ್ಕರು.

ಕಾರು ಅವರಿಗೆ ಸಿಕ್ಕಿತು. ಲಾಡ್ಜಿನವರು ಕೊಟ್ಟ ನೀಲಿ ಅಂಗಿಯನ್ನು ನಾನು ಇಸ್ತ್ರಿ ಮಾಡಿಕೊಡುತ್ತಿದ್ದೆ. ಸಂಜೆ ಬಂದವರೇ ಇವತ್ತು ಯಾವ ಮಾತು ಉಪಯೋಗಕ್ಕೆ ಬಂತು ಎಂದು ಒಪ್ಪಿಸುತ್ತಿದ್ದರು. ಮೈಸೂರು ದಾರಿಯ ಹ್ಯಾಂಡ್ ಪೋಸ್ಟ್ ಎಂಬ ಊರಿನ ಹತ್ತಿರ ಟೀ ಕುಡಿಯಲು ನಿಲ್ಲಿಸಿದಾಗ ಗೆಸ್ಟು ಹೆಂಗಸೊಬ್ಬಳು ಅವರೊಂದಿಗೆ ಅರ್ಧ ಗಂಟೆ ಮಾತಾಡಿದಳಂತೆ, ಎಲ್ಲಿ ಕಲಿತೆ ಎಂದು ಕೇಳಿದಳಂತೆ. ಕೊಟ್ಟಿಗೆಯಲ್ಲಿ ಎಂದು ಇಂಗ್ಲಿಷಿನಲ್ಲೇ ಹೇಳಲು ಪದ ಸಿಗಲಿಲ್ಲವಂತೆ. ಆದರೆ ಭಾವ ಜಗಲಿಯಿಂದ, "ಏನ್ಲಾ, ದೊರೆಗಳ ಕೂಡೆ ಏನ್ಲಾ ಮಾತಾಡ್ತೀಯ?" ಎಂದು ಕೇಳಿದರೆ, ಇವರು ತಲೆ ತಗ್ಗಿಸಿ, "ಎಸ್ಸು, ನೋ, ಥ್ಯಾಂಕ್ಯೂ, ಅಷ್ಟೇ ಕಣಣ್ಣ" ಎನ್ನುತ್ತಿದ್ದರು. ಭಾವ ನಂಬಿದರು. ಸಾಕಿದವರ ಮುಂದೆ ದೊಡ್ಡದಾಗಿ ಕಾಣಬಾರದು ಎಂಬ ಆ ಒಂದು ಮರ್ಯಾದೆ ಮುಂದೆ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ನಮ್ಮನೆಯವರಿಗೆ ಮುದ್ದೆ ಗಂಟಲಲ್ಲಿ ನಿಲ್ಲತೊಡಗಿತು. ನಮ್ಮಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಮುದ್ದೆ ನುಂಗಲಾರದ ಗಂಡಸನ್ನು ನೋಡಿದರೆ ಊರಿನವರಿಗೆ ಬೇರೆ ಪರೀಕ್ಷೆ ಬೇಕಾಗಿಲ್ಲ. ಅವರು ಮೊದಲು ತುತ್ತನ್ನು ಚಿಕ್ಕದು ಮಾಡಿದರು. ಆಮೇಲೆ ಸಾರಿನಲ್ಲಿ ಕಲಸಿದರು. ಆಮೇಲೆ ಅಂಬಲಿಗೆ ಬಂದರು, ಅಂಬಲಿ ಇಳಿಯುವಾಗಲೂ ಕಣ್ಣು ಮುಚ್ಚುತ್ತಿದ್ದರು. ಸರಗೂರಿನ ಡಾಕ್ಟರು ಮೈಸೂರಿಗೆ ಹೋಗಿ ಎಂದರು.

ಮೈಸೂರಿನ ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದು, ನಮ್ಮ ಜನ ಕರೆಂಟು ಎನ್ನುವ ರೇಡಿಯೇಷನ್ ಕೊಟ್ಟು, ಔಷಧ ಹತ್ತಿಸಿ, ನೀಲಿ ಅಂಗಿ ಮೈಮೇಲೆ ಜೋತಾಡುವ ಹೊತ್ತಿಗೆ ಒಂದು ಬೆಳಿಗ್ಗೆ ದೊಡ್ಡ ಡಾಕ್ಟರು ಬಂದರು. ವಯಸ್ಸಾದವರು, ಒಳ್ಳೆಯವರು. ನಮ್ಮನೆಯವರು ದಿಂಬಿಗೆ ಒರಗಿ ಕೂತಿದ್ದರು. ಡಾಕ್ಟರು ರಿಪೋರ್ಟು ನೋಡಿ ಬಾಯಿ ತೆರೆಯುವ ಮೊದಲೇ ಭಾವ ಎದ್ದು ಕೈಮುಗಿದರು.

"ಇಂಗ್ಲಿಷ್‌ನಾಗೆ ಏಳಿ ಸಾ. ನಮ್ಮುಡುಗಿ ಓದವ್ಳೆ, ಅವಳಿಗೆ ಏಳಿ."

"ಆಚೆ ಹೋಗಿ ಮಾತಾಡೋಣ ಸಾರ್" ಎಂದೆ.

"ಇಲ್ಲೇ ಏಳ್ಲಿ ಬುಡವ್ವ," ಎಂದರು ಭಾವ, ದನಿ ತಗ್ಗಿಸಿ. "ಆಚೆ ಕರ್ಕೊಂಡೋದ್ರೆ ಏನೋ ಅದೆ ಅಂತ ಅವನಿಗೆ ಅನುಮಾನ ಬತ್ತದೆ. ಅವನಿಗೆ ಎಸ್ಸು ನೋ ಬುಟ್ರೆ ಏನು ಗೊತ್ತಾಯ್ತದೆ?"

ಡಾಕ್ಟರು ನನ್ನ ಸೀರೆ ನೋಡಿ, ಹಳ್ಳಿಯ ಹೆಂಗಸಿಗೆ ಅರ್ಥವಾಗಲಿ ಎಂದು ಇದ್ದುದರಲ್ಲಿ ಸುಲಭವಾದ ಇಂಗ್ಲಿಷನ್ನು ಆರಿಸಿಕೊಂಡರು. ನಿಧಾನವಾಗಿ, ಒಂದೊಂದೇ ಮಾತು, ನಮ್ಮ ಫೋನಿನ ಪಾಠದ ಹಾಗೆಯೇ. ಇಟ್ ಹ್ಯಾಸ್ ಸ್ಪ್ರೆಡ್. ನೋ ಯೂಸ್ ಗೋಯಿಂಗ್ ಆನ್. ವಿ ಹ್ಯಾವ್ ಟು ಗಿವ್ ಅಪ್ ದ ಟ್ರೀಟ್‌ಮೆಂಟ್. ಟೇಕ್ ಹಿಮ್ ಹೋಮ್. ಲುಕ್ ಆಫ್ಟರ್ ಹಿಮ್. ಪ್ರತಿಯೊಂದನ್ನೂ ನಾನೇ ಕಲಿಸಿದ್ದೆ. ಪ್ರತಿಯೊಂದಕ್ಕೂ ಅವರು ತಪ್ಪು ಹೇಳಿ, ಬೈಸಿಕೊಂಡು, ಸರಿ ಹೇಳಿದ್ದರು. ನನಗೆ ಅವರ ಕಡೆ ನೋಡಲು ಧೈರ್ಯ ಬರಲಿಲ್ಲ. ಡಾಕ್ಟರ ಕೋಟಿನ ಗುಂಡಿಯನ್ನೇ ನೋಡುತ್ತ ನಿಂತೆ. ಸಾಯುವಷ್ಟು ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

"ಏನಂದ್ರು?" ನಮ್ಮನೆಯವರು ಕನ್ನಡದಲ್ಲಿ ಕೇಳಿದರು. ನನ್ನನ್ನೇ ಕೇಳಿದರು.

ಭಾವ ನನ್ನ ಮುಖ ನೋಡುತ್ತಿದ್ದರು. ಅವರಿಗೆ ಅಲ್ಲೇ ಉತ್ತರ ಸಿಕ್ಕಿತು.

"ಗ್ಯಾಸ್ಟ್ರಿಕ್ ಅಂತೆ," ಎಂದೆ. "ಪಥ್ಯ ಮಾಡ್ಕೊಂಡು ಮನೇಲಿ ಇದ್ರೆ ಸರಿಹೋಯ್ತದಂತೆ."

ಅವರು ನನ್ನನ್ನು ನೋಡಿದರು. ನನ್ನ ಅಪ್ಪ ನೋಡಿದ ಹಾಗಲ್ಲ. ಅಪ್ಪನಿಗೆ ಗೊತ್ತಿರಲಿಲ್ಲ, ತಿಳಿಯಲು ನೋಡುತ್ತಿದ್ದರು. ಇವರು ಎಲ್ಲ ತಿಳಿದು, ನಾನು ಏನು ಮಾಡುತ್ತೇನೆ ಎಂದು ನೋಡಿದರು. ಆಮೇಲೆ ಅಣ್ಣನ ಕಡೆ ತಿರುಗಿ, "ಅಂಗಾರೆ ಊರಿಗೋಗಣ ನಡಿ ಅಣ್ಣ" ಎಂದರು. ಭಾವ ಡಿಸ್ಚಾರ್ಜಿಗೆ ಓಡಾಡಿ ಬರುತ್ತೇನೆಂದು ಹೋದವರು ಮೆಟ್ಟಿಲ ಕೆಳಗೆ ಟವೆಲು ಬಾಯಿಗೆ ತುರುಕಿಕೊಂಡು ಕೂತಿದ್ದರು. ನಾನು ನೋಡಿಯೂ ನೋಡದವಳಂತೆ ದಾಟಿಹೋದೆ. ಸಮಾಧಾನ ಹೇಳಬೇಕಿತ್ತು.

ಮನೆಯಲ್ಲಿ ನಮಗೆ ಮಾತಾಡಲು ಜಾಗವೇ ಉಳಿಯಲಿಲ್ಲ. ಭಾವ ತಮ್ಮ ಚಾಪೆಯನ್ನು ನಮ್ಮ ಕೋಣೆಗೇ ತಂದು ಹಾಸಿಕೊಂಡರು. ಹಗಲಿಡೀ ನೆಂಟರು. ಪಿರಿಯಾಪಟ್ಟಣದಿಂದ, ಹುಣಸೂರಿನಿಂದ, ಇವರ ಮದುವೆಗೂ ಬಾರದಿದ್ದವರೆಲ್ಲ ಬ್ರೆಡ್ಡು ಮೂಸಂಬಿ ಹಿಡಿದುಕೊಂಡು ಬಂದರು. ನುಂಗಲಾಗದವನಿಗೆ ಬ್ರೆಡ್ಡು. ಬಂದವರು, "ಏನಿಲ್ಲ ಬುಡು, ನಮ್ಮ ಬಾಮೈದಂಗೂ ಇಂಗೇ ಗ್ಯಾಸ್ಟ್ರಿಕ್ ಆಗಿತ್ತು" ಎನ್ನುತ್ತಿದ್ದರು. ನಮ್ಮನೆಯವರು ಹೂಂ ಎನ್ನುತ್ತಿದ್ದರು. ಕೆಲವರಿಗೆ ಯಾವ ಕಷಾಯ ಒಳ್ಳೆಯದು ಎಂದು ತಾವೇ ಕೇಳುತ್ತಿದ್ದರು. ಅದನ್ನು ಕೇಳಿ ಭಾವನ ಮುಖ ಅರಳುತ್ತಿತ್ತು. ತಮ್ಮನಿಗೆ ಏನೂ ಗೊತ್ತಿಲ್ಲ ಎಂಬ ಒಂದೇ ಸಮಾಧಾನದ ಮೇಲೆ ಆ ಮನುಷ್ಯ ಎದ್ದು ಓಡಾಡುತ್ತಿದ್ದರು.

ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ಎಲ್ಲರೂ ಒಂದು ಗಳಿಗೆ ತೊಲಗಿದರೆ ಕೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ. ನಿಮಗೆ ಗೊತ್ತಲ್ಲವೇ, ನಿಮಗೆ ಭಯವಾಗುತ್ತಿದೆಯೇ, ನನ್ನ ಮೇಲೆ ಸಿಟ್ಟೇ? ಅಪರೂಪಕ್ಕೆ ಕೋಣೆ ಖಾಲಿಯಾದಾಗ ದಿಂಬು ಸರಿಮಾಡಿ ಎದ್ದು ಬರುತ್ತಿದ್ದೆ. ಕನ್ನಡದಲ್ಲಿ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಭಾವ ಚಾಪೆಯ ಮೇಲೆ ಕೂತು ತಮ್ಮನ ಕಾಲು ನೀವುತ್ತಿದ್ದರು. ಅಕ್ಕ, ಅಂದರೆ ಭಾವನ ಹೆಂಡತಿ, ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಇನ್ನೂ ಒಂದಿಬ್ಬರು ಇದ್ದರು. ನಾನು ಬಟ್ಟೆ ಮಡಿಸುತ್ತಿದ್ದೆ. ನಮ್ಮನೆಯವರು ಕಣ್ಣು ಬಿಟ್ಟು ಸೂರನ್ನು ನೋಡುತ್ತಲೇ, ಗೆಸ್ಟುಗಳ ಹತ್ತಿರ ಮಾತಾಡುವ ದನಿಯಲ್ಲಿ, "ಮೇಡಂ" ಎಂದರು.

ನಾನು ತಿರುಗಿದೆ. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಹಾಗೆ ಕರೆದಿರಲಿಲ್ಲ.

"ದಟ್ ಡೇ, ಐ ಅಂಡರ್‌ಸ್ಟುಡ್," ಎಂದರು. ಉಸಿರು ಎಳೆದುಕೊಂಡರು. "ಡೋಂಟ್ ಟೆಲ್ ಹಿಮ್. ಹಿ ವಿಲ್ ಬ್ರೇಕ್ ಡೌನ್."

ಕಾಲು ನೀವುತ್ತಿದ್ದ ಭಾವನ ಕೈ ನಿಂತಿತು. ಅವರು ತಮ್ಮನ ಬಾಯನ್ನೇ ನೋಡುತ್ತಿದ್ದರು, ಅಂದು ನನ್ನ ಅಪ್ಪ ಡಾಕ್ಟರ ಬಾಯನ್ನು ನೋಡಿದ ಹಾಗೆಯೇ.

"ಐ ಆಮ್ ನಾಟ್ ಆಂಗ್ರಿ," ಎಂದರು ನಮ್ಮನೆಯವರು. "ಲುಕ್ ಆಫ್ಟರ್ ಹಿಮ್. ಲುಕ್ ಆಫ್ಟರ್ ಯೂ."

ಯುವರ್‌ಸೆಲ್ಫ್ ಎನ್ನಬೇಕಿತ್ತು. ತಿದ್ದಲಿಲ್ಲ. "ಸರಿ" ಎಂದೆ. ಮುಂದಿಂದು ಎನ್ನಲಿಲ್ಲ.

ಭಾವ ಗಾಬರಿಯಾಗಿದ್ದರು. "ಏನಂತಾನವ್ವ ಅವ್ನು? ಜ್ವರ ನೆತ್ತಿಗೇರ್ತಾ? ಏನು ಏಳ್ತಾವ್ನೆ?"

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನಮ್ಮನೆಯವರೂ ನೋಡುತ್ತಿದ್ದರು. ಅರ್ಥ ಹೇಳುವುದು ಮತ್ತೆ ನನ್ನ ಕೆಲಸವಾಗಿತ್ತು.

"ಲಾಡ್ಜಲ್ಲಿ ಇದ್ದಂಗೆ ಅನ್ಕೊಂಡವ್ರೆ ಭಾವ," ಎಂದೆ. "ನೀರು ಬೇಕಂತೆ."

ಭಾವನಿಗೆ ಜೀವ ಬಂದ ಹಾಗಾಯಿತು. "ನೀರಾ? ಅವನೇ ಕೇಳ್ದನಾ? ತಾ ಮತ್ತೆ, ಬಿರ್ನೆ ತಾ," ಎಂದು ತಮ್ಮನ ಬೆನ್ನಿಗೆ ಕೈಕೊಟ್ಟು ಎಬ್ಬಿಸಿ ಕೂರಿಸಿದರು.

ಒಳಗೆ ಹೋಗಿ ಲೋಟಕ್ಕೆ ನೀರು ಬಗ್ಗಿಸಿದೆ. ಆ ಹೊತ್ತಿಗೆ ಅವರಿಗೆ ನೀರು ಇಳಿಯುತ್ತಿರಲಿಲ್ಲ. ಎರಡು ದಿನದಿಂದ ಹತ್ತಿಯಲ್ಲಿ ತುಟಿ ಒದ್ದೆ ಮಾಡುತ್ತಿದ್ದೆವು ಅಷ್ಟೇ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಲೋಟವನ್ನು ಅವರ ಬಾಯಿಗೆ ಹಿಡಿದೆ. ಭಾವ ನೋಡುತ್ತಿದ್ದರು. ನಮ್ಮನೆಯವರು ಎರಡೂ ಕೈಯಲ್ಲಿ ನನ್ನ ಕೈಯನ್ನು ಹಿಡಿದುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಆ ನೀರನ್ನು ಕುಡಿದರು.