ತಂಬಾಕು ಅಲ್ಲ, ಕಡ್ಡಿಪುಡಿ

ಬೆಂಗಳೂರಿಗೆ ಬಂದ ಮೂರನೆಯ ದಿನ ನನ್ನದೇ ರಕ್ತದಲ್ಲಿ ಧೂಮಕೇತುಗಳನ್ನು ಹುಡುಕುತ್ತ ಕುಳಿತಿದ್ದೆ. ಹಾಡುಹಗಲು, ಆದರೆ ಕೋಣೆಗೆ ಕಪ್ಪು ಪರದೆ, ಒಂದೇ ಒಂದು ಹಳದಿ ಬಲ್ಬು. ಕೆಲಸಕ್ಕೆ ಸೇರಿದವರಿಗೆ ಇಲ್ಲಿ ಮೊದಲು ಮಾಡಿಸುವುದೇ ಇದು. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ತೆಗೆದು, ಅದರ ಜೀವಕೋಶಗಳನ್ನು ಗಾಜಿನ ಮೇಲೆ ತೆಳ್ಳನೆಯ ಅಂಟಿನಲ್ಲಿ ಕೂರಿಸಿ, ಉಪ್ಪುನೀರಿನಲ್ಲಿ ಅವುಗಳ ಹೊದಿಕೆ ಕರಗಿಸಿ, ಸಣ್ಣಗೆ ಕರೆಂಟು ಹರಿಸುತ್ತಾರೆ. ಡಿಎನ್‌ಎ ಗಟ್ಟಿಮುಟ್ಟಾಗಿದ್ದರೆ ಸೂಕ್ಷ್ಮದರ್ಶಕದ ಕೆಳಗೆ ದುಂಡಗೆ ಹೊಳೆಯುತ್ತದೆ. ಮುರಿದಿದ್ದರೆ ಚೂರುಗಳು ಒಂದೇ ಕಡೆಗೆ ಎಳೆದುಕೊಂಡು ಹೋಗಿ ಧೂಮಕೇತುವಿನ ಹಾಗೆ ಬಾಲ ಮೂಡುತ್ತದೆ. ಆ ಬಾಲ ಅಳೆಯುವುದೇ ನನ್ನ ಕೆಲಸ. ಹೊಗೆ, ಬಣ್ಣ, ಕೀಟನಾಶಕ, ಯಾವುದು ಮನುಷ್ಯನ ಒಳಗೆ ಎಷ್ಟು ಮುರಿದಿದೆ ಎಂಬುದಕ್ಕೆ ಅದು ಲೆಕ್ಕ. ಸಾಮಾನ್ಯ ಟ್ಯೂಬ್‌ಲೈಟು ಬಿದ್ದರೂ ಡಿಎನ್‌ಎ ಕೆಡುತ್ತದಂತೆ, ಅದಕ್ಕೇ ಆ ಹಳದಿ ಕತ್ತಲೆ.

ಜಮಖಂಡಿಯಲ್ಲಿ ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದೆ. ಇದೇ ಪರೀಕ್ಷೆಯನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ಕೈಯಿಂದ ಒಮ್ಮೆಯೂ ಮಾಡಿರಲಿಲ್ಲ. ಬಿಳೇಕಹಳ್ಳಿ ಕಡೆಯ ಈ ಪ್ರಯೋಗಾಲಯದಲ್ಲಿ ಜಾಗ ಸಿಕ್ಕಾಗ ಊರಿನ ನಿಶ್ಚಿಂತೆಯ ಸಂಬಳ ಬಿಟ್ಟು ಬಂದದ್ದು ಅದಕ್ಕಾಗಿಯೇ. ಮೂರು ತಿಂಗಳು ನೋಡಿ ಮುಂದುವರಿಸುತ್ತೇವೆ ಎಂಬ ಷರತ್ತಿತ್ತು.

ಮನೆ ಹುಡುಕುವಾಗ ಜಯನಗರದಲ್ಲಿ ಒಬ್ಬರು ‘ಯಾವ ಜನ’ ಎಂದರು, ಇನ್ನೊಬ್ಬರು ‘ಒಬ್ಬರೇ ಇರ್ತೀರಾ’ ಎಂದು ಎರಡು ಸಲ ಕೇಳಿದರು. ಸುದ್ದಗುಂಟೆಪಾಳ್ಯದ ಮುನಿಯಮ್ಮ ಮಾತ್ರ ‘ನೀರು ಪೋಲು ಮಾಡ್ಬ್ಯಾಡ ಕಣಮ್ಮ’ ಎಂದು ಬೀಗದ ಕೈ ಕೊಟ್ಟರು. ಈ ಬೀದಿ ಹೊಲವಾಗಿದ್ದಾಗ ಅವರು ಇಲ್ಲಿ ರಾಗಿ ಕೊಯ್ದವರು. ಈಗ ಅದೇ ನೆಲದ ಮೇಲೆ ಮೂರಂತಸ್ತು ಎದ್ದಿದೆ, ಮೇಲಿನ ಕೋಣೆ ನನ್ನದು.

ನನಗೆ ಕನ್ನಡ ಬರುತ್ತದೆ, ಬೆಂಗಳೂರಿನಲ್ಲಿ ಭಾಷೆಯ ಚಿಂತೆಯಿಲ್ಲ ಎಂದುಕೊಂಡು ಬಂದ ಜಾಣೆ ನಾನು. ಮೊದಲ ವಾರವೇ ಅಂಗಡಿಯವನಿಗೆ ‘ಮೆಂತ್ಯೆ ಪಲ್ಲೆ ಕೊಡ್ರಿ’ ಎಂದೆ. ಆತ ಹೋಟೆಲಿನ ದಾರಿ ತೋರಿಸಿದ. ಇಲ್ಲಿ ಹಸಿಯದು ಸೊಪ್ಪು, ಬೇಯಿಸಿದ ಮೇಲಷ್ಟೇ ಪಲ್ಯ. ನಮ್ಮಲ್ಲಿ ‘ರೀ’ ಹಚ್ಚಿ ಮಾತಾಡಿದರೆ ಮರ್ಯಾದೆ, ಇಲ್ಲಿ ಹಾಗೆಂದರೆ ಗಂಡನನ್ನು ಕರೆದ ಹಾಗೆ ನಗುತ್ತಾರೆ. ಸಾರಿಗೆ ಬೆಲ್ಲ ಹಾಕುವುದನ್ನು ಇನ್ನೂ ಕ್ಷಮಿಸಿಲ್ಲ. ಆದರೆ ಮುನಿಯಮ್ಮನ ಮುದ್ದೆ, ಉಪ್ಸಾರು ನಾಲ್ಕನೇ ವಾರಕ್ಕೇ ನನ್ನನ್ನು ಗೆದ್ದವು. ಭಾನುವಾರ ಕೋಣೆಯಲ್ಲಿ ಒಬ್ಬಳೇ ಕುಳಿತು ಅತ್ತದ್ದೂ ಇದೆ. ಅದನ್ನು ಆಕೆ ಹೇಗೋ ಕಂಡುಕೊಂಡು, ಏನೂ ಕೇಳದೆ ಅವರೆಕಾಯಿ ಸುಲಿಯಲು ಕೂರಿಸಿಕೊಂಡರು.

ನಮ್ಮ ಅಧ್ಯಯನ ಸರಳವಾದದ್ದು. ಬಿಟಿಎಂ ಕಡೆಯ ದೊಡ್ಡ ರಸ್ತೆಗಳನ್ನು ಗುಡಿಸುವ ಹೆಂಗಸರು ದಿನಾ ವಾಹನಗಳ ಹೊಗೆ ಕುಡಿಯುತ್ತಾರೆ. ಅವರ ಜೀವಕೋಶಗಳ ಬಾಲವನ್ನು, ಅದೇ ವಯಸ್ಸಿನ, ಮನೆಯಲ್ಲೇ ಇರುವ ಹೆಂಗಸರ ಬಾಲದ ಜೊತೆ ಹೋಲಿಸಬೇಕು. ಗುಡಿಸುವವರ ರಕ್ತವನ್ನು ನನ್ನ ಸಹೋದ್ಯೋಗಿ, ಬನಶಂಕರಿಯ ಮಂಜುನಾಥ, ತಂದ. ಮನೆಯವರನ್ನು ಹುಡುಕುವ ಪಾಲು ನನ್ನದು. ನನಗೆ ಗೊತ್ತಿದ್ದವರು ಮುನಿಯಮ್ಮ ಒಬ್ಬರೇ. ಅವರು ಒಂದೇ ಮಧ್ಯಾಹ್ನ ಬೀದಿಯ ಗೆಳತಿಯರನ್ನೆಲ್ಲ ಅಂಗಳಕ್ಕೆ ಕರೆಸಿ, ‘ಒಂದ್ ತೊಟ್ಟು ರಕ್ತಕ್ಕೆ ಏನ್ ಎದ್ರುಕೋತೀರೇ’ ಎಂದು ಗದರಿಸಿ ಸಾಲಾಗಿ ಕೂರಿಸಿದರು. ನಾನು ಫಾರಂ ಹಿಡಿದು ಒಬ್ಬೊಬ್ಬರನ್ನೇ ಕೇಳಿದೆ. ಬೀಡಿ, ಸಿಗರೇಟು? ಎಲ್ಲರೂ ನಕ್ಕರು. ಎಲೆ ಅಡಿಕೆ? ಹೌದು. ಎರಡೂ ಗುಂಪಿನಲ್ಲಿ ಎಲೆ ಅಡಿಕೆಯವರು ಇದ್ದುದರಿಂದ ಅದಕ್ಕೆ ಅಡ್ಡಿಯಿರಲಿಲ್ಲ. ತಂಬಾಕು ಮಾತ್ರ ತಾನೇ ಡಿಎನ್‌ಎ ಮುರಿಯುತ್ತದೆ, ತಿನ್ನುವವರನ್ನು ಕೈಬಿಡಬೇಕಿತ್ತು. ‘ತಂಬಾಕ ತಿಂತೀರೇನ್ರಿ?’ ಇಲ್ಲ, ಇಲ್ಲ, ಇಲ್ಲ. ಖುಷಿಯಿಂದ ಬರೆದುಕೊಂಡೆ.

ಫಲಿತಾಂಶ ಬಂದಾಗ ಎಲ್ಲ ತಲೆಕೆಳಗು. ಹೊಗೆ ಕುಡಿಯುವ ಹೆಂಗಸರಿಗಿಂತ ಅಂಗಳದ ಹೆಂಗಸರ ಬಾಲವೇ ಉದ್ದ. ನಮ್ಮ ಮುಖ್ಯಸ್ಥೆ ವಸುಧಾ ಮೇಡಂ ಪರದೆ ಮೇಲಿನ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಬೈಯುವವರಲ್ಲ ಅವರು, ಅದೇ ನನಗೆ ಹೆಚ್ಚು ಭಯ.

‘ಸ್ಲೈಡ್ ಮಾಡುವಾಗ ಟ್ಯೂಬ್‌ಲೈಟ್ ಏನಾದ್ರೂ ಹಾಕಿದ್ರಾ?’

‘ಇಲ್ಲ ಮೇಡಂ.’

‘ನೆನಪು ಮಾಡ್ಕೊಳಿ. ಈ ಥರ ಬಂದ್ರೆ ಸಾಮಾನ್ಯವಾಗಿ ಕೈಯದ್ದೇ ತಪ್ಪಿರತ್ತೆ. ಇನ್ನೊಂದ್ಸಲ ಮಾಡಿ. ಆಗ್ಲೂ ಹೀಗೇ ಬಂದ್ರೆ ಈ ಕೆಲ್ಸಕ್ಕೆ ಬೇರೆಯವ್ರನ್ನ ನೋಡ್ಬೇಕಾಗತ್ತೆ.’

ಮೂರು ತಿಂಗಳಿಗೆ ಹನ್ನೊಂದು ದಿನ ಬಾಕಿಯಿತ್ತು. ಕೈ ನಡುಗುವ ಮೇಷ್ಟ್ರಮ್ಮ ಎನಿಸಿಕೊಂಡು ಊರಿಗೆ ಮರಳುವುದು ನನಗೆ ಸಾಯುವಷ್ಟು ಅವಮಾನ. ನನ್ನ ರಕ್ತವನ್ನೇ ಮತ್ತೆ ತೆಗೆದು ಮಾಡಿದೆ, ದುಂಡಗೆ ಬಂತು. ಮಂಜುನಾಥನದು ಮಾಡಿದೆ, ಅದೂ ದುಂಡಗೆ. ಹಾಗಾದರೆ ಕೈಯದ್ದು ತಪ್ಪಲ್ಲ. ಮತ್ತೇನು? ತಿಳಿಯದೆ, ಮರುದಿನ ಮಧ್ಯಾಹ್ನ ಸೂಜಿ, ಹತ್ತಿ ತೆಗೆದುಕೊಂಡು ಮುನಿಯಮ್ಮನ ಮುಂದೆ ಕುಳಿತೆ.

ಅವರು ಆಗತಾನೇ ಊಟ ಮುಗಿಸಿದ್ದರು. ‘ತಡಿ ಕಣವ್ವ’ ಎಂದು ಸೊಂಟದ ಚೀಲ ಬಿಚ್ಚಿ ಎಲೆಗೆ ಸುಣ್ಣ ಸವರಿದರು, ಅಡಿಕೆ ಇಟ್ಟರು. ಆಮೇಲೆ ಒಂದು ಪೊಟ್ಟಣದಿಂದ ಕಂದು ಬಣ್ಣದ ಪುಡಿಯನ್ನು ಅಂಗೈಗೆ ತಟ್ಟಿಕೊಂಡು, ಬಾಯಿಗೆ ಎಸೆದುಕೊಂಡರು.

‘ಅದೇನ್ರಿ ಅದು?’

‘ಕಡ್ಡಿಪುಡಿ.’

‘ಕಡ್ಡಿಪುಡಿ ಅಂದ್ರ?’

‘ಕಡ್ಡಿಪುಡಿ ಗೊತ್ತಿಲ್ವಾ ನಿಂಗೆ? ಹೊಗೆಸೊಪ್ಪಿನ ಕಡ್ಡಿ ಕುಟ್ಟಿ ಮಾಡೋದು. ಇದ್ ಇಲ್ದಿದ್ರೆ ಉಂಡಿದ್ದು ಅರಗೋದೇ ಇಲ್ಲ.’

ಹೊಗೆಸೊಪ್ಪು. ಹೊಗೆಯ ಸೊಪ್ಪು. ಆ ಪದವನ್ನು ಬಿಡಿಸಿಕೊಳ್ಳುತ್ತ ಸೂಜಿಯನ್ನು ಕೆಳಗಿಟ್ಟೆ.

‘ಅಲ್ರೀ, ತಂಬಾಕ ತಿನ್ನೂದಿಲ್ಲ ಅಂದ್ರಲ್ಲ ನೀವು!’

‘ತಿನ್ನಕಿಲ್ಲ’ ಎಂದರು ಮುನಿಯಮ್ಮ, ಸಿಟ್ಟಿನಿಂದಲೇ. ‘ತಂಬಾಕು ಅಂದ್ರೆ ಗಂಡಸ್ರು ಅಂಗೈಲಿ ತಿಕ್ಕಂಡು ಹಾಕ್ಕಳಾದು. ಥೂ! ನಾವ್ಯಾಕೆ ಅದ್ನ ಮುಟ್ಟಾನ?’

ಮನೆ ಮನೆಗೆ ಹೋಗಿ ಕೇಳಿದೆ. ಅಂಗಳಕ್ಕೆ ಬಂದಿದ್ದ ಹೆಂಗಸರಲ್ಲಿ ಬಹುತೇಕ ಎಲ್ಲರ ಸೊಂಟದಲ್ಲೂ ಅದೇ ಪೊಟ್ಟಣವಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ನಾನು ನಮ್ಮೂರಿನ ಮಾತಿನಲ್ಲಿ ಕೇಳಿದ್ದೆ, ಅವರು ತಮ್ಮ ಊರಿನ ಮಾತಿನಲ್ಲಿ ಉತ್ತರಿಸಿದ್ದರು. ಮಂಜುನಾಥನಿಗೆ ಫೋನು ಮಾಡಿದರೆ, ‘ಅಯ್ಯೋ, ನಾನು ಕಡ್ಡಿಪುಡಿ ಅಂತಾನೇ ಕೇಳ್ದೆ ಮೇಡಂ. ಹಾಕೋರ್ನೆಲ್ಲ ಬಿಟ್ಬಿಟ್ಟೆ. ನಿಮ್ಗೆ ಗೊತ್ತಿರತ್ತೆ ಅನ್ಕೊಂಡಿದ್ದೆ’ ಎಂದ.

ಹಳೆಯ ಫಾರಂಗಳನ್ನು ಸದ್ದಿಲ್ಲದೆ ಪಕ್ಕಕ್ಕಿಟ್ಟು ಹೊಸಬರನ್ನು ಹುಡುಕಿದರಾಯಿತು ಎಂಬ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋ ನಿಂತಲ್ಲೇ ನಿಂತಿದ್ದಷ್ಟು ಹೊತ್ತೂ ಅದನ್ನೇ ಯೋಚಿಸಿದೆ. ಕೊನೆಗೆ ಮೇಡಂ ಮುಂದೆ ನಿಂತು ಹೇಳಿದೆ: ‘ತಪ್ಪು ನನ್ನದೇ ಮೇಡಂ. ಕೈಯದ್ದಲ್ಲ, ಬಾಯಿಯದ್ದು.’

ಅವರು ಪೂರ್ತಿ ಕೇಳಿ, ಕನ್ನಡಕ ತೆಗೆದು, ಕಣ್ಣೀರು ಬರುವಷ್ಟು ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡು, ‘ನಿಮ್ಮ ಕೈ ಮೇಲೆ ಅನುಮಾನ ಪಟ್ಟೆ, ಸಾರಿ. ಬಾಲ ಸರಿಯಾಗೇ ಇತ್ತು, ನಾವು ಸರಿಯಾಗಿ ಕೇಳಿರ್ಲಿಲ್ಲ. ಫಾರಂ ಬರೆದವಳು ನಾನೇ ಅಲ್ವಾ’ ಎಂದರು. ನನ್ನ ಕೆಲಸ ಉಳಿಯಿತು. ಆ ದಿನದ ಸಮಾಧಾನಕ್ಕೆ ಈಗಲೂ ಅವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಮುನಿಯಮ್ಮನಿಗೆ ಹೇಳುವುದು ಹೆಚ್ಚು ಕಷ್ಟವಾಯಿತು. ‘ನಂಗೇನಾದ್ರೂ ಆಗೈತಾ?’ ಎಂದು ಕೇಳಿದಾಗ ಅವರ ಧ್ವನಿ ಸಣ್ಣದಾಗಿತ್ತು. ಬಾಲ ಇದ್ದ ಮಾತ್ರಕ್ಕೆ ರೋಗ ಅಲ್ಲ, ಮೈ ತನ್ನಷ್ಟಕ್ಕೆ ರಿಪೇರಿ ಮಾಡಿಕೊಳ್ಳುತ್ತಿರುತ್ತದೆ, ದಿನಾ ಮುರಿಯುತ್ತಿದ್ದರೆ ಅದಕ್ಕೂ ಸುಸ್ತಾಗುತ್ತದೆ, ಒಮ್ಮೆ ಡಾಕ್ಟರಿಗೆ ಬಾಯಿ ತೋರಿಸಿ ಎಂದೆ. ತೋರಿಸಿಕೊಂಡು ಬಂದರು, ಭಯವೇನೂ ಇರಲಿಲ್ಲ. ಪೊಟ್ಟಣ ಇನ್ನೂ ಪೂರ್ತಿ ಬಿಟ್ಟಿಲ್ಲ, ಊಟಕ್ಕೊಂದು ಚಿಟಿಕೆ ಎಂಬಲ್ಲಿಗೆ ಇಳಿದಿದೆ. ಮರು ಭಾನುವಾರ ಹೊಸ ಫಾರಂ ಹಿಡಿದು ನಾನು ಬೀದಿ ಸುತ್ತುವಾಗ ಅವರೇ ಮುಂದೆ. ‘ಏಯ್, ಕಡ್ಡಿಪುಡಿ ಹಾಕ್ತೀಯಾ? ನಿಜ ಹೇಳು, ಬಾಯಿ ತೆಗಿ!’ ನನ್ನನ್ನು ತೋರಿಸಿ, ‘ಇವ್ಳು ನಮ್ಮುಡ್ಗಿ’ ಎನ್ನುತ್ತಿದ್ದರು.

ಸುತ್ತಾಟ ಮುಗಿಸಿ ಕಾಫಿ ಕುಡಿಯುವಾಗ ಅವರು ಕೇಳಿದರು: ‘ನಿಮ್ಮಮ್ಮ ಏನ್ ಹಾಕ್ತಾರೆ?’

‘ಏನೂ ಇಲ್ಲ’ ಎಂದೆ, ಥಟ್ಟನೆ.

ಮಹಡಿ ಮೆಟ್ಟಿಲು ಅರ್ಧ ಹತ್ತಿದಾಗ ಕಾಲು ನಿಂತಿತು. ನಮ್ಮ ಹಿತ್ತಲಲ್ಲಿ ಅವ್ವ ಹೆಂಚಿನ ಮೇಲೆ ತಂಬಾಕಿನ ಎಲೆ ಹುರಿದು ಕರಿ ಪುಡಿ ಮಾಡುತ್ತಾಳೆ. ಸಣ್ಣವಳಿದ್ದಾಗಿನಿಂದ ಆ ಘಾಟಿಗೆ ಸೀನಿದ್ದೇನೆ. ಅದಕ್ಕೆ ನಮ್ಮಲ್ಲಿ ಮಿಸರಿ ಎನ್ನುತ್ತಾರೆ, ಬೆಳಗ್ಗೆ ಎದ್ದು ಹಲ್ಲಿಗೆ ತಿಕ್ಕುತ್ತಾರೆ. ಅಲ್ಲೇ ನಿಂತು ಫೋನು ಹಚ್ಚಿದೆ.

‘ಅವ್ವಾ, ನೀ ಹೊಗೆಸೊಪ್ಪು ಎಷ್ಟ ವರ್ಷದಿಂದ ಹಾಕ್ತೀ?’

‘ಅದ್ಯಾವ ಪಲ್ಲೆವಾ? ನಮ್ಮ ಕಡೆ ಸಿಗೂದಿಲ್ಲದು.’

ಬಾಯಿಗೆ ಇಲ್ಲಿಯ ಮಾತೇ ಬಂದಿತ್ತು. ತಿದ್ದಿಕೊಂಡೆ. ‘ತಂಬಾಕ, ಅವ್ವಾ.’

‘ಹುಚ್ಚಿ, ನಾ ಯಾಕ ತಂಬಾಕ ತಿನ್ನಲಿ?’

‘ಮತ್ತ ಮಿಸರಿ?’

‘ಅದು ಹಲ್ಲಿಗಿ ಹಚ್ಚೂದು’ ಎಂದಳು. ಮುನಿಯಮ್ಮನಿಗೆ ಹೇಳಿದ್ದನ್ನೇ ನಿಧಾನಕ್ಕೆ ಇವಳಿಗೂ ಹೇಳಿದೆ. ಪೂರ್ತಿ ಕೇಳಿಕೊಂಡು ಅಂದಳು: ‘ನೀ ಇಲ್ಲೇ ಇದ್ದಾಗ ಕಾಲೇಜಿನ ಹುಡುಗರಿಗೆಲ್ಲ ಇದನ್ನ ಕಲಿಸ್ತಿದ್ದಿ. ನನಗ ಯಾಕ ಹೇಳಲಿಲ್ಲ?’

ಅಲ್ಲಿದ್ದಾಗ ನನಗೂ ಅದು ಬರೀ ಹಲ್ಲುಪುಡಿಯಾಗಿತ್ತು ಅವ್ವಾ. ಇಲ್ಲಿಗೆ ಬಂದ ಮೇಲೆ ಕಂಡಿತು. ಕಂಡ ಮೇಲೆ, ಬೆಳಗ್ಗೆ ನಿನ್ನ ಕೈಯಿಂದ ಆ ಪುಡಿ ಕಸಿದುಕೊಳ್ಳೋಣವೆಂದರೆ ನಾನು ಅಲ್ಲಿಲ್ಲ.