ಎರವಲು ನಾಲಿಗೆ

ಸೌಟು ಹಂಡೆಯ ಅಂಚಿಗೆ ಎರಡು ಸಲ ಬಡಿಯಿತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆ ಸದ್ದಿನ ಅರ್ಥ ಎಲ್ಲರಿಗೂ ಗೊತ್ತು: ದೊಡ್ಡಕ್ಕ ರುಚಿ ನೋಡಿದಳು, ಅಡುಗೆ ಮುಗಿಯಿತು. ಹತ್ತೊಂಬತ್ತು ವರ್ಷಗಳಿಂದಲೂ ಹಾಗೆಯೇ. ಇವತ್ತು ಬಡಿದ ಮೇಲೂ ಅವಳು ಸೌಟು ಕೆಳಗಿಡಲಿಲ್ಲ. ಬೇಳೆಯ ಸೂಪಿಗೆ ಉಪ್ಪು ಸಾಕೋ ಸಾಲದೋ ಅವಳಿಗೆ ತಿಳಿಯುತ್ತಿರಲಿಲ್ಲ.

ಎಂಟು ತಿಂಗಳಿಂದ ಅವಳು ಬೇಯಿಸಿದ್ದೇನನ್ನೂ ಉಂಡಿರಲಿಲ್ಲ. ಮುನ್ನೂರು ಜನರಿಗೆ ಬೇಯಿಸುತ್ತಲೇ ಎದೆಯುರಿ ಹಚ್ಚಿಕೊಂಡವಳು ಮಾತ್ರೆಗಳಿಗೆ ಬೇಸತ್ತು ಹಸಿ ತರಕಾರಿ, ಹಣ್ಣು, ನೆನೆಸಿದ ಕಾಳಿನ ಕಡೆ ತಿರುಗಿದ್ದಳು. "ಮನೆಯೊಳಗೆ ಹಸು ಕಟ್ಟಿದ ಹಾಗಾಯ್ತಲ್ಲೇ," ಎಂದು ಗಂಡ ನಕ್ಕಿದ್ದ. ಮೊದಮೊದಲು ಹನ್ನೊಂದು ಬಗೆ ಹೆಚ್ಚಿ ಒಂದೇ ಬೋಗುಣಿಯಲ್ಲಿ ಕಲಸುತ್ತಿದ್ದಳು. ಹೊಟ್ಟೆ ಸಂಜೆಯವರೆಗೂ ಗುಡುಗುತ್ತಿತ್ತು. ಆಮೇಲೆ ಒಂದು ಹೊತ್ತಿಗೆ ಒಂದೇ ಪದಾರ್ಥ ಎಂದು ಕಟ್ಟುಪಾಡು ಹಾಕಿಕೊಂಡಳು. ಇವತ್ತು ಕ್ಯಾರೆಟ್, ನಾಳೆ ಸೌತೆಕಾಯಿ, ನಾಡಿದ್ದು ಹೆಸರುಕಾಳು. ತಟ್ಟೆಯಲ್ಲಿ ಬಗೆ ಕಡಿಮೆಯಾದಂತೆ ನಾಲಿಗೆಯಲ್ಲಿ ಹೆಚ್ಚಿತು. ಒಂದೇ ಸೌತೆಕಾಯಿಯ ತೊಟ್ಟಿನಲ್ಲಿ ಕಹಿ, ನಡುವೆ ನೀರಿನ ತಂಪು, ತುದಿಯಲ್ಲಿ ಹುಡುಕಿದರಷ್ಟೇ ಸಿಗುವ ಸಿಹಿ.

ಎದೆಯುರಿ ತಗ್ಗಿತು. ಆದರೆ ಆ ನಾಲಿಗೆಗೆ ಈಗ ಚಿಟಿಕೆ ಉಪ್ಪೂ ಚುರುಕ್ಕೆನ್ನುತ್ತಿತ್ತು. ಅಳತೆಯ ಚಮಚವನ್ನು ಅವಳು ಎಂದೂ ಮುಟ್ಟಿದವಳಲ್ಲ. ಕೈ ಹಾಕುತ್ತಿತ್ತು, ನಾಲಿಗೆ ಸಾಕೆನ್ನುತ್ತಿತ್ತು. ಹಾಗಾಗಿ ಅವಳಿಗೆ ಸರಿಯೆನಿಸಿದ್ದು ಮುನ್ನೂರು ಜನರಿಗೆ ಸಪ್ಪೆಯಾಗಿತ್ತು.

ಎರಡು ದೂರು ಬಂದಿದ್ದವು. ಮೇಲ್ವಿಚಾರಕ ನಿನ್ನೆ ಹೇಳಿಬಿಟ್ಟಿದ್ದ: "ನಾಳೆ ಮೊದಲನೇ ತಟ್ಟೆ ನಾನೇ ತಿಂತೀನಿ. ಸಪ್ಪೆ ಇದ್ರೆ ನೀವು ಪಾತ್ರೆ ತೊಳೆಯೋಕೆ. ಸೌಟು ಚೂರಿ ಕೈಗೆ."

ಚೂರಿ ಎಂದರೆ ತರಕಾರಿ ಹೆಚ್ಚುವವಳು. ಕೈಯಷ್ಟೇ ಬಾಯೂ ಹರಿತ. ಒಲೆಯ ಮುಂದೆ ನಿಲ್ಲಬೇಕೆಂದು ಮೂರು ವರ್ಷಗಳಿಂದ ಕಾದಿದ್ದಳು.

ಊಟದ ಗಂಟೆಗೆ ಹತ್ತು ನಿಮಿಷವಿತ್ತು.

"ಬಾರೇ ಇಲ್ಲಿ," ದೊಡ್ಡಕ್ಕ ಕರೆದಳು.

"ಏನಕ್ಕಾ, ಮೊಲಕ್ಕೆ ಸೂಪು ಸೇರ್ಲಿಲ್ವಾ?"

"ಮಾತು ನಿಲ್ಸಿ ಬಾಯಿ ತೆಗಿ."

ಚೂರಿ ಸೌಟಿಗೆ ಊದಿ ಕುಡಿದಳು. "ಸಪ್ಪೆ."

ದೊಡ್ಡಕ್ಕ ಒಂದು ಹಿಡಿ ಹಾಕಿ ಕದಡಿದಳು.

"ಇನ್ನೂ ಬೇಕು."

ಮತ್ತೊಂದು ಹಿಡಿ ಬಿತ್ತು. ದೊಡ್ಡಕ್ಕ ತಾನೂ ಒಂದು ತೊಟ್ಟು ನೆಕ್ಕಿದಳು. ಸಮುದ್ರವೇ ಬಾಯಿಗೆ ನುಗ್ಗಿದಂತಾಯಿತು.

"ಇನ್ನರ್ಧ ಹಿಡಿ," ಎಂದಳು ಚೂರಿ. ಅವಳ ಕಣ್ಣು ಸೌಟಿನ ಮೇಲಿತ್ತು.

ದೊಡ್ಡಕ್ಕನ ಕೈ ಉಪ್ಪಿನ ಡಬ್ಬಿಯಲ್ಲೇ ನಿಂತಿತು. ಹೆಚ್ಚಾದ ಉಪ್ಪನ್ನು ಹಂಡೆಯಿಂದ ಹೆಕ್ಕಿ ತೆಗೆಯಲಾಗುವುದಿಲ್ಲ. ಇವಳು ಒಂದು ಸುಳ್ಳು ಹೇಳಿದರೆ ಸಾಕು, ನಾಳೆ ಈ ಒಲೆ ಇವಳದು.

"ನನ್ನ ಮುಖದಲ್ಲಿ ಏನು ಹುಡುಕ್ತೀರಾ? ಹಾಕಿ, ಗಂಟೆ ಹೊಡೆಯುತ್ತೆ!"

ದೊಡ್ಡಕ್ಕ ಹಾಕಿದಳು.

ಮೇಲ್ವಿಚಾರಕ ಬಂದು ಕೂತ. ಒಂದು ಚಮಚ ಬಾಯಿಗಿಟ್ಟು ಗೋಡೆ ನೋಡಿದ. ಹಿಂದೆ ಹಲಗೆಯ ಮೇಲೆ ಚಾಕುವಿನ ಸದ್ದು ನಿಂತುಹೋಯಿತು. ಅವನು ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡ.

"ಹ್ಞೂಂ. ಇವತ್ತು ಮನುಷ್ಯರು ತಿನ್ನೋ ಹಾಗಿದೆ."

ಚಾಕು ಮತ್ತೆ ಟಕಟಕ ಶುರುವಾಯಿತು.

"ಆದ್ರೆ ದಿನಾ ಹೀಗೆ ಇರುತ್ತೆ ಅಂತ ಏನು ಗ್ಯಾರಂಟಿ?" ಅವನು ಚಮಚ ಆಡಿಸಿದ. "ನಾಳೆಯಿಂದ ನೀವೂ ಎಲ್ಲರ ಹಾಗೆ ಒಂದು ತಟ್ಟೆ ಊಟ ಮಾಡಿ. ಆ ಸೊಪ್ಪುಸದೆ ಬಿಟ್ಟರೆ ನಾಲಿಗೆ ತಾನಾಗೇ ದಾರಿಗೆ ಬರುತ್ತೆ. ಇಲ್ಲಾಂದ್ರೆ..."

ದೊಡ್ಡಕ್ಕ ಸೌಟನ್ನು ಹಂಡೆಗೆ ಒರಗಿಸಿ ತನ್ನ ಊಟದ ಡಬ್ಬಿ ತೆರೆದಳು. ಒಳಗೆ ಒಂದೇ ಒಂದು ಸೌತೆಕಾಯಿ. ಅದನ್ನು ಲಟಕ್ಕನೆ ಎರಡಾಗಿ ಮುರಿದು, ತುದಿಯ ಕಡೆಯದನ್ನು ಚೂರಿಯ ಹಲಗೆಯ ಮೇಲಿಟ್ಟಳು.

"ದೊಡ್ಡಕ್ಕ, ನಾನಿನ್ನೂ ಮಾತಾಡ್ತಿದ್ದೀನಿ!"

"ಅಕ್ಕಾ, ನಾಳೆ ಯಾರ ನಾಲಿಗೆ?" ಚೂರಿ ಕೂಗಿದಳು.

"ಉಪ್ಪಿಗೆ ನಿಂದು, ಊಟಕ್ಕೆ ನಂದು," ಎಂದ ದೊಡ್ಡಕ್ಕ ತೊಟ್ಟಿನ ಕಡೆಯ ತುಂಡನ್ನು ಕಚ್ಚುತ್ತಾ ಹಿಂಬಾಗಿಲು ದಾಟಿದಳು.