ತೆಪ್ಪದವರ ಮುಖ

"ಸಾರ್, ನಮ್ ಯಜಮಾನ್ರ ಫೋಟೊ ನಿಮ್ಮತ್ರ ಐತಾ?"

ಭಾನುವಾರ ಬೆಳಗ್ಗೆ ಜಕ್ಕೂರು ಕೆರೆ ಏರಿಯ ಮೇಲೆ ಟ್ರೈಪಾಡ್ ಬಿಚ್ಚುತ್ತಿದ್ದಾಗ ಹೆಂಗಸೊಬ್ಬರು ಬಂದು ಕೇಳಿದರು. ತೆಪ್ಪದಲ್ಲಿ ಕೂತು ಮೀನು ಹಿಡಿಯುತ್ತಿದ್ದವರ ಹೆಂಡತಿ. ಅವರು ತೀರಿಕೊಂಡದ್ದು ನನಗೆ ತಿಳಿದದ್ದೇ ಆಗ.

"ನಾಳೆ ಹನ್ನೊಂದನೇ ದಿನದ ಕಾರ್ಯ. ಹಾರ ಹಾಕಕ್ಕೆ ಒಂದು ಫೋಟೊನೂ ಇಲ್ಲ. ಕ್ಯಾಮೆರಾದೋರು ಪ್ರತಿ ವಾರ ನನ್ ಫೋಟೊ ತೆಗೀತಾರೆ ಅಂತಿದ್ರು."

ನಿಜ, ಎರಡು ವರ್ಷದಿಂದ ತೆಗೆದಿದ್ದೆ. ಮೊಬೈಲಿನಲ್ಲಿ ಒಂದೊಂದಾಗಿ ತೋರಿಸತೊಡಗಿದೆ. ಮಂಜು, ಹೊಂಬಣ್ಣದ ನೀರು, ಬಲೆ ಬೀಸುವ ಕಪ್ಪು ಆಕೃತಿ. ಸೂರ್ಯನಿಗೆ ಎದುರಾಗಿ ತೆಗೆದರೇ ಚೆಂದವೆಂದು ಎಲ್ಲವನ್ನೂ ಹಾಗೇ ತೆಗೆದಿದ್ದೆ. ಇನ್ನೊಂದು ಬದಿಯ ದಡಕ್ಕೆ ಒಮ್ಮೆಯೂ ಹೋಗಿರಲಿಲ್ಲ.

ಆಕೆ ಕೊನೆಯ ಚಿತ್ರದವರೆಗೂ ತಾಳ್ಮೆಯಿಂದ ನೋಡಿದರು. "ಮುಖ ಕಾಣೋದು ಒಂದೂ ಇಲ್ವಾ ಸಾರ್?"

ಅವುಗಳಲ್ಲಿ ಸ್ಪರ್ಧೆಯೊಂದರಲ್ಲಿ ಬಹುಮಾನ ಬಂದ ಒಂದು ಚಿತ್ರ ಈಗಲೂ ನಮ್ಮ ಹಾಲಿನ ಗೋಡೆಯ ಮೇಲಿದೆ. ಬಂದವರೆಲ್ಲ ಬೆಳಕನ್ನು ಹೊಗಳುತ್ತಾರೆ. ಈತ ಯಾರು, ಹೆಸರೇನು ಎಂದು ಒಬ್ಬರೂ ಕೇಳಿಲ್ಲ. ಎರಡು ವರ್ಷದಲ್ಲಿ ನಾನೂ ಕೇಳಿರಲಿಲ್ಲ.